ಸ್ವರ್ಣಾ–ಸೀತಾ ಹಿನ್ನೀರಿನಲ್ಲಿ ಮನೆಮಂದಿಯ ರಜೆ: ಭರತ, ಇಳಿತ ನೋಡಿ ಯೋಜಿಸುವ ಕ್ರಮ

ಉಡುಪಿಯ ಉತ್ತರಕ್ಕೆ ಸ್ವರ್ಣಾ ನದಿಯು ಕಲ್ಯಾಣಪುರ, ಕೆಮ್ಮಣ್ಣುಗಳನ್ನು ದಾಟಿದ ಮೇಲೆ ನೇರವಾಗಿ ಕಡಲಿಗೆ ಇಳಿಯುವುದಿಲ್ಲ. ಮರಳಿನ ಒಂದು ತೆಳುವಾದ ಪಟ್ಟಿಯ ಹಿಂದೆ, ಕಡಲಿಗೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು, ಬಾರ್ಕೂರಿನ ಕಡೆಯಿಂದ ಬರುವ ಸೀತಾ ನದಿಯನ್ನು ಕೂಡಿಕೊಂಡು, ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನಡುವಿನ ಅಗಲವಾದ ಹಿನ್ನೀರು, ಅದರೊಳಗಿನ ಕುದ್ರುಗಳು ಎಂಬ ನಡುಗಡ್ಡೆಗಳು, ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಮತ್ತು ತೆಂಗಿನ ತೋಟಗಳು ಮಕ್ಕಳು, ಹಿರಿಯರು ಎಲ್ಲರೂ ಇರುವ ಕುಟುಂಬಕ್ಕೆ ಮೂರು ದಿನಗಳ ರಜೆಗೆ ಬಹಳ ಒಪ್ಪುವ ಜಾಗ. ಆದರೆ ಇಲ್ಲಿಗೆ ಬರುವ ಹೆಚ್ಚಿನವರು ಮೊದಲು ಕೊಠಡಿ ಕಾದಿರಿಸುತ್ತಾರೆ, ಆಮೇಲೆ ರೈಲಿನ ಟಿಕೆಟ್ ನೋಡುತ್ತಾರೆ, ನೀರಿನ ವಿಷಯವನ್ನು ಬಂದ ಮೇಲೆ ವಿಚಾರಿಸುತ್ತಾರೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ಈ ಲೇಖನದ ಸಲಹೆ: ಮೊದಲು ತಿಂಗಳು, ನಂತರ ತಿಥಿ ಮತ್ತು ಭರತದ ಹೊತ್ತು, ಆಮೇಲೆ ತಂಗುವ ಮನೆ, ಕೊನೆಗೆ ಉಳಿದೆಲ್ಲವೂ.

ತಿಂಗಳನ್ನು ಆರಿಸುವುದು

ಚಿತ್ರಗಳಲ್ಲಿ ಕಾಣುವ ತಿಳಿನೀರು ವರ್ಷವಿಡೀ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಳೆಯೆಲ್ಲ ಈ ಎರಡು ನದಿಗಳಲ್ಲಿ ಇಳಿದು ಬರುವುದರಿಂದ ಹಿನ್ನೀರು ಬಹುಮಟ್ಟಿಗೆ ಸಿಹಿಯಾಗಿರುತ್ತದೆ, ಆದರೆ ಕೆಂಪಗೆ, ರಭಸವಾಗಿ, ಮರದ ಕೊಂಬೆರೆಂಬೆಗಳನ್ನು ಹೊತ್ತುಕೊಂಡು ಹರಿಯುತ್ತದೆ. ಆಗ ನೀರಿಗಿಳಿಯುವ ಮಾತೇ ಇಲ್ಲ. ಕಡಲಿನ ಬದಿಯಲ್ಲೂ ಜಲಕ್ರೀಡೆಗಳು ನಿಂತಿರುತ್ತವೆ, ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ. ಮಳೆಯನ್ನೇ ನೋಡಬೇಕು, ಜಗಲಿಯಲ್ಲಿ ಕುಳಿತು ಹೊಳೆ ತುಂಬಿ ಹೋಗುವುದನ್ನು ನೋಡಿದರೆ ಸಾಕು ಎನ್ನುವವರಿಗೆ ಜುಲೈ ಚೆನ್ನಾಗಿದೆ. ಮಕ್ಕಳಿಗೆ ನೀರಾಟ ಬೇಕಾದವರಿಗೆ ಅದು ಸಲ್ಲದು.

ದಸರಾ ರಜೆಯ ಅಕ್ಟೋಬರ್ ಅನುಮಾನದ ತಿಂಗಳು. ಕರಾವಳಿಯಲ್ಲಿ ಬಿಸಿಲಿದ್ದರೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಘಟ್ಟದಲ್ಲಿ ರಾತ್ರಿ ಸುರಿದ ಮಳೆ ಮರುದಿನ ಇಲ್ಲಿ ಕಲಕಿದ ನೀರಾಗಿ ಕಾಣಿಸಿಕೊಳ್ಳುತ್ತದೆ. ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಹೊಳೆಯ ವೇಗ ಇಳಿದು, ಮಣ್ಣು ತಳಕ್ಕೆ ಕೂತು, ನೀರು ತಿಳಿಯಾಗುತ್ತದೆ. ಬೆಳಗಿನ ಹೊತ್ತು ತಂಪಾಗಿಯೂ ಇರುತ್ತದೆ. ಇದೇ ಸರಿಯಾದ ಕಾಲ. ಮಾರ್ಚ್ ಬಂದಂತೆ ನದಿಯ ಹರಿವು ಕ್ಷೀಣಿಸಿ, ಭರತದ ಜೊತೆ ಉಪ್ಪು ನೀರು ಮೇಲಕ್ಕೆ ಮೇಲಕ್ಕೆ ಏರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಬೇಸಿಗೆ ರಜೆಯಲ್ಲಿಯೇ ಬರಬೇಕಾದವರು ಬೆಳಿಗ್ಗೆ ಒಂಬತ್ತರ ಒಳಗೆ ಮತ್ತು ಸಂಜೆ ನಾಲ್ಕೂವರೆಯ ಬಳಿಕ ಮಾತ್ರ ಹೊರಗಿರುವಂತೆ ದಿನವನ್ನು ಹಂಚಿಕೊಳ್ಳಬೇಕು. ಸೆಕೆಯ ಜೊತೆಗೆ ಕುಡಿಯುವ ನೀರಿನ ಅಭಾವವೂ ಇರಬಹುದೆಂದು ತಿಳಿದಿರಬೇಕು.

ಒಳ್ಳೆಯ ಕಾಲದಲ್ಲಿಯೂ ತಪ್ಪಿಸಬೇಕಾದ ಕೆಲವು ದಿನಗಳಿವೆ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಿ ಕೋಡಿ ಬೆಂಗ್ರೆಯ ಒಂಟಿ ರಸ್ತೆಯಲ್ಲಿ ಕಾರು ತಿರುಗಿಸಲೂ ಜಾಗ ಸಿಗುವುದಿಲ್ಲ. ಜನವರಿಯಲ್ಲಿ ಮಕರ ಸಂಕ್ರಾಂತಿಯ ಆಸುಪಾಸಿನಲ್ಲಿ ಉಡುಪಿ ಕೃಷ್ಣಮಠದ ಏಳು ದಿನಗಳ ರಥೋತ್ಸವವಾದ ಸಪ್ತೋತ್ಸವ ನಡೆಯುತ್ತದೆ. ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು, ಮಠದ ಪೂಜಾಧಿಕಾರ ಒಬ್ಬ ಸ್ವಾಮೀಜಿಯಿಂದ ಇನ್ನೊಬ್ಬರಿಗೆ ಹಸ್ತಾಂತರವಾಗುವ ಪರ್ಯಾಯ ಬರುತ್ತದೆ, 2024 ಮತ್ತು 2026ರಲ್ಲಿ ಬಂದಂತೆ ಇನ್ನು 2028ರಲ್ಲಿ. ಪರ್ಯಾಯವನ್ನೇ ನೋಡಲು ಬರುವವರ ಮಾತು ಬೇರೆ. ಉಳಿದವರು ಆ ವಾರವನ್ನು ಬಿಟ್ಟರೆ ನಗರದಲ್ಲಿ ವಸತಿಗಾಗಿ ಅಲೆಯುವುದು ತಪ್ಪುತ್ತದೆ.

ತಿಥಿ ಮತ್ತು ಭರತದ ಲೆಕ್ಕ

ತಿಂಗಳು ನಿಶ್ಚಯವಾದ ಮೇಲೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ತೆಗೆದು ನೋಡಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ ಹನ್ನೆರಡು ನಿಮಿಷ. ಹಾಗಾಗಿ ಇವತ್ತಿನ ಭರತಕ್ಕಿಂತ ನಾಳೆಯದು ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ, ಅದರಲ್ಲೂ ಅವು ಕಳೆದು ಒಂದೆರಡು ದಿನಗಳಲ್ಲಿ, ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ; ಆಗ ಸೆಳೆತವೂ ಹೆಚ್ಚು. ಅಷ್ಟಮಿ, ನವಮಿಗಳ ಸುಮಾರಿಗೆ ಏರಿಳಿತ ಕಡಿಮೆ, ಸೆಳೆತವೂ ಮೃದು. ಹತ್ತು ವರ್ಷದೊಳಗಿನ ಮಕ್ಕಳಿರುವ ಕುಟುಂಬವು ಅಷ್ಟಮಿಯ ಎಡಬಲದ ದಿನಗಳನ್ನು ಆರಿಸಿಕೊಳ್ಳುವುದು ಮೇಲು. ಹುಣ್ಣಿಮೆಯ ಬೆಳದಿಂಗಳಲ್ಲಿ ಹೊಳೆ ನೋಡಬೇಕೆಂಬ ಆಸೆ ಸಹಜವೇ. ಆದರೆ ಅದನ್ನು ಜಗಲಿಯಿಂದಲೇ ನೋಡುವುದೆಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ನಿಖರವಾದ ಹೊತ್ತನ್ನು ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್ಕಾಯಿಸ್, ಒದಗಿಸುವ ಮುನ್ಸೂಚನೆಯಲ್ಲಿ ನೋಡಬಹುದು. ಎತ್ತರದ ಅಲೆಗಳ ಮತ್ತು ದೂರದ ಸಾಗರದಿಂದ ಸದ್ದಿಲ್ಲದೆ ಬರುವ ಕಳ್ಳಕಡಲಿನ ಎಚ್ಚರಿಕೆಯನ್ನೂ ಅದೇ ಕೇಂದ್ರ ಕೊಡುತ್ತದೆ. ಪಟ್ಟಿಯಲ್ಲಿರುವುದು ಬಂದರಿನ ಅಥವಾ ಕಡಲಂಚಿನ ಹೊತ್ತು. ಅಳಿವೆಯಿಂದ ಒಳಗೆ, ಕೆಮ್ಮಣ್ಣಿನಂಥ ಕಡೆ, ಅದೇ ಭರತ ಸ್ವಲ್ಪ ತಡವಾಗಿ ಮುಟ್ಟುತ್ತದೆ. ಎಷ್ಟು ತಡ ಎಂಬುದನ್ನು ಅಲ್ಲಿಯ ದೋಣಿಯವರು ಪಟ್ಟಿಯಿಲ್ಲದೆಯೇ ಹೇಳುತ್ತಾರೆ, ಅವರ ಮಾತೇ ಕೊನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಭರತ ಪೂರ್ಣವಾಗುವುದಾದರೆ, ಸಂಜೆ ನಾಲ್ಕೂಕಾಲರ ಹೊತ್ತಿಗೆ ಇಳಿತದ ಕೊನೆ. ಭಾನುವಾರದ ಬೆಳಗಿನ ಭರತ ಹತ್ತು ಐವತ್ತಕ್ಕೆ. ನೀರು ಏರುವ ಹೊತ್ತಿನಲ್ಲಿ ಹರಿವು ಕಡಲಿನಿಂದ ಒಳನಾಡಿನ ಕಡೆಗಿರುತ್ತದೆ. ಕಯಾಕ್‌ನಲ್ಲಿ ಕೈಸೋತವರು ಆಗ ತೇಲಿಹೋದರೂ ಊರಿನತ್ತ ತೇಲುತ್ತಾರೆ. ಇಳಿಯುವ ನೀರು ಅಳಿವೆಯತ್ತ ಎಳೆಯುತ್ತದೆ. ಈ ಒಂದು ವಿಷಯವನ್ನು ನೆನಪಿನಲ್ಲಿಟ್ಟರೆ ದಿನದ ಯೋಜನೆ ತಾನಾಗಿ ರೂಪುಗೊಳ್ಳುತ್ತದೆ. ಶನಿವಾರ ಎಂಟೂವರೆಗೆ ಹೊರಟು, ಏರುವ ನೀರಿನ ಜೊತೆ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ಕಾಲುವೆಗಳಿಗೆ ಹೋಗಿ, ಭರತ ನಿಂತ ಹೊತ್ತಿನಲ್ಲಿ ಹಿಂದಿರುಗಬೇಕು. ಇಳಿತದಲ್ಲಿ ಆ ಕಾಲುವೆಗಳು ಕೆಸರಾಗಿ ದೋಣಿ ಸಿಕ್ಕಿಕೊಳ್ಳುತ್ತದೆ. ಮಕ್ಕಳ ಸ್ನಾನ, ಆಟ ಒಂಬತ್ತೂವರೆಯಿಂದ ಹತ್ತೂವರೆ. ಹನ್ನೊಂದರ ಹೊತ್ತಿಗೆ ಎಲ್ಲರೂ ದಡದಲ್ಲಿರಬೇಕು, ಏಕೆಂದರೆ ಇಳಿತ ಮೊದಲು ನಿಧಾನವಾಗಿ ಆರಂಭವಾಗಿ, ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲಿ ಅತಿ ಜೋರಾಗುತ್ತದೆ; ಒಟ್ಟು ಇಳಿಯುವ ನೀರಿನ ಹತ್ತಿರ ಹತ್ತಿರ ಅರ್ಧದಷ್ಟು ಆ ಎರಡೇ ಗಂಟೆಗಳಲ್ಲಿ ಹೋಗುತ್ತದೆ. ಸಂಜೆ ಮೂರೂವರೆಯಿಂದ ನಾಲ್ಕೂವರೆಯವರೆಗೆ ಮರಳ ದಿಬ್ಬಗಳು ತೇಲಿ ಕಾಣುವಾಗ ದಡದ ಬದಿಯ ದಿಬ್ಬಗಳಲ್ಲಿ ನಡೆದಾಡಬಹುದು. ಹೊಳೆಯ ನಡುವಿನ ದಿಬ್ಬಕ್ಕೆ ದೋಣಿಯಿಂದ ಇಳಿದವರು ದೋಣಿಯನ್ನು ಕಳುಹಿಸಿಬಿಡಬಾರದು.

ತಂಗುವ ಮನೆ

ಕಡಲ ಬದಿಯ ಕೊಠಡಿಗೆ ಬೇಡಿಕೆ ಹೆಚ್ಚು, ಬೆಲೆಯೂ ಹೆಚ್ಚು. ಮಕ್ಕಳಿದ್ದರೆ ಹೊಳೆಯ ಬದಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಕಡಲಿನ ಎದುರು ಕುಳಿತವರ ಕಣ್ಣು ಇಡೀ ದಿನ ಮಕ್ಕಳ ಮೇಲಿರಬೇಕಾಗುತ್ತದೆ. ಹೊಳೆಯ ದಡದ ಹೋಂಸ್ಟೇಯಲ್ಲಿ ಅಂಗಳ, ತೋಟ, ಕಟ್ಟೆ, ಕಟ್ಟಿದ ದೋಣಿ ಇರುತ್ತವೆ, ಅಜ್ಜ ಅಜ್ಜಿಗೆ ಬೆಳಿಗ್ಗೆ ನಡೆಯಲು ತಂಪಾದ ದಾರಿಯಿರುತ್ತದೆ. ಕಡಲು ಬೇಕೆನಿಸಿದಾಗ ಬೆಂಗ್ರೆಯ ಪಟ್ಟಿಯಲ್ಲಿ ರಸ್ತೆ ದಾಟಿದರೆ ಸಾಕು.

ದಡಗಳಲ್ಲಿಯೂ ವ್ಯತ್ಯಾಸವಿದೆ. ಹೂಡೆಯಿಂದ ಕೋಡಿ ಬೆಂಗ್ರೆಯವರೆಗಿನ ಪಟ್ಟಿಯಲ್ಲಿ ಕಡಲೂ ಹೊಳೆಯೂ ಕೈಗೆಟಕುವಷ್ಟು ಹತ್ತಿರ, ಆದರೆ ವಾರಾಂತ್ಯದಲ್ಲಿ ಜನಜಂಗುಳಿ. ಕೆಮ್ಮಣ್ಣು, ಅದರ ಎದುರಿನ ತಿಮ್ಮಣ್ಣ ಕುದ್ರು ನಿಶ್ಶಬ್ದ. ಅಲ್ಲಿಯ ತೂಗುಸೇತುವೆಯಲ್ಲಿ ಓಡಾಡುವುದು ಮಕ್ಕಳಿಗೆ ಒಂದು ಸಂಜೆಯ ಸಂಭ್ರಮ. ಅದು ಕುದ್ರುವಿನ ಜನರ ದಿನನಿತ್ಯದ ದಾರಿ ಎಂಬುದನ್ನು ಮರೆತು ನಡುವೆ ನಿಂತು ಅಲುಗಾಡಿಸಬಾರದು. ಸೀತಾ ನದಿಯ ಉತ್ತರಕ್ಕೆ ಸಾಲಿಗ್ರಾಮದ ಪಾರಂಪಳ್ಳಿ ಕಡೆ ಕಾಂಡ್ಲಾ ದಟ್ಟವಾಗಿದೆ, ಕಯಾಕ್ ನಡೆಸುವವರು ಇದ್ದಾರೆ. ದಕ್ಷಿಣದ ದಡದಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ತುಳು, ಉತ್ತರಕ್ಕೆ ದಾಟಿದರೆ ಕುಂದಾಪ್ರ ಕನ್ನಡ. ಬಯಲುಸೀಮೆಯಿಂದ ಬಂದವರಿಗೆ ಎರಡೂ ಮೊದಲ ದಿನ ಅಷ್ಟೇ ಕಷ್ಟ.

ಕಾದಿರಿಸುವ ಮೊದಲು ಮನೆಯವರಿಗೆ ಫೋನ್ ಮಾಡಿ ಮಾತನಾಡಬೇಕು, ಆ್ಯಪಿನ ಚಿತ್ರಗಳನ್ನು ನೆಚ್ಚಿದರೆ ಸಾಲದು. ಬಾವಿಯ ನೀರಿಗೆ ಉಪ್ಪು ಬಂದಿದೆಯೇ, ಬಂದಿದ್ದರೆ ಕುಡಿಯಲು ಮತ್ತು ಅಡುಗೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದು ಮೊದಲ ಪ್ರಶ್ನೆ. ಫೆಬ್ರವರಿಯ ನಂತರ ಇದು ಇನ್ನೂ ಮುಖ್ಯ. ನೀರಿಗಿಳಿಯುವ ಜಾಗದಲ್ಲಿ ಮೆಟ್ಟಿಲುಗಳಿವೆಯೇ, ತಳ ಮರಳೋ ಕೆಸರೋ, ಅಂಗಳಕ್ಕೂ ಹೊಳೆಗೂ ನಡುವೆ ಬೇಲಿ ಅಥವಾ ಗೇಟು ಇದೆಯೇ ಎಂದು ಕೇಳಬೇಕು. ಮಂಡಿನೋವಿನ ಹಿರಿಯರಿದ್ದರೆ ಪಾಶ್ಚಾತ್ಯ ಶೈಲಿಯ ಶೌಚಾಲಯ ನೆಲಮಹಡಿಯಲ್ಲೇ ಇದೆಯೋ ಮೇಲಿನ ಮಹಡಿಯಲ್ಲೋ ಎಂಬುದನ್ನೂ ವಿಚಾರಿಸಬೇಕು. ವಿದ್ಯುತ್ ಹೋದರೆ ಫ್ಯಾನಿಗೆ ಇನ್ವರ್ಟರ್ ಇರಬೇಕು. ಸೊಳ್ಳೆಯ ಕಾರಣದಿಂದ ಇದು ಸೌಕರ್ಯಕ್ಕಿಂತ ಅಗತ್ಯವೇ ಸರಿ.

ರಾತ್ರಿ ಬೋಟ್ ಹೌಸ್‌ನಲ್ಲಿ ಮಲಗುವ ಆಸೆ ಕೆಲವರಿಗಿರುತ್ತದೆ. ಹಗಲಿನ ಮೂರು ಗಂಟೆಯ ಸುತ್ತಾಟ ಸಾಕು. ರಾತ್ರಿ ಅದು ಕಟ್ಟಿದ ಜಾಗದಲ್ಲೇ ನಿಂತಿರುತ್ತದೆ, ಸಣ್ಣ ಮಕ್ಕಳ ತಾಯಂದಿರಿಗೆ ನಿದ್ರೆ ಬರುವುದಿಲ್ಲ.

ತಲುಪುವುದು

ಬೆಂಗಳೂರಿನಿಂದ ಪಂಚಗಂಗಾ, ಮುಂಬೈಯಿಂದ ಮತ್ಸ್ಯಗಂಧಾ ರೈಲುಗಳು ಉಡುಪಿಯಲ್ಲಿ ನಿಲ್ಲುತ್ತವೆ; ನಿಲ್ದಾಣವಿರುವುದು ಇಂದ್ರಾಳಿಯಲ್ಲಿ. ವಿಮಾನದಲ್ಲಿ ಬರುವವರು ಮಂಗಳೂರಿನ ಬಜಪೆಯಲ್ಲಿ ಇಳಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಬರಬೇಕು. ಹೆದ್ದಾರಿಯಿಂದ ಸಂತೆಕಟ್ಟೆಯಲ್ಲಿ ತಿರುಗಿ ಕಲ್ಯಾಣಪುರ, ಕೆಮ್ಮಣ್ಣು, ಹೂಡೆ ಮಾರ್ಗವಾಗಿ ಬೆಂಗ್ರೆ ಸೇರಬಹುದು. ಉಡುಪಿಯಿಂದ ಈ ಕಡೆಗೆ ಬಸ್ಸುಗಳಿವೆ, ಆದರೆ ಸಾಮಾನು, ಮಕ್ಕಳು, ಹಿರಿಯರು ಎಲ್ಲರನ್ನೂ ಕರೆದುಕೊಂಡು ಬರುವವರಿಗೆ ನಿಲ್ದಾಣದಿಂದ ಕಾರು ಮಾಡಿಕೊಳ್ಳುವುದೇ ಸರಿ. ರಾತ್ರಿ ಘಟ್ಟ ಇಳಿದು ಸ್ವಂತ ಕಾರಿನಲ್ಲಿ ಬಂದವರು ಆ ಬೆಳಿಗ್ಗೆ ನೀರಿಗಿಳಿಯುವ ಕಾರ್ಯಕ್ರಮ ಇಟ್ಟುಕೊಳ್ಳಬಾರದು. ನಿದ್ದೆಗೆಟ್ಟ ದೊಡ್ಡವರು ಮಕ್ಕಳನ್ನು ಕಾಯಲಾರರು.

ನೀರಿಗಿಳಿಯುವ ಕ್ರಮ

ಹಿನ್ನೀರು ನೋಡಲು ಕೆರೆಯಂತೆ ಶಾಂತವಾಗಿದೆ, ಅಪಾಯವಿರುವುದೂ ಅಲ್ಲಿಯೇ. ಮೇಲ್ಮೈ ಅಲುಗದಿದ್ದರೂ ಕೆಳಗೆ ಹರಿವಿರುತ್ತದೆ. ಮರಳು ತೆಗೆದ ಕಡೆಗಳಲ್ಲಿ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳಿನುದ್ದ ಆಗಬಹುದು. ಮಳೆಗಾಲ ಕಳೆದಾಗಲೆಲ್ಲ ದಿಬ್ಬಗಳ ಜಾಗವೂ ಬದಲಾಗುತ್ತದೆ. ಆದ್ದರಿಂದ ಕಳೆದ ವರ್ಷ ಇಲ್ಲಿಯೇ ಈಜಿದ್ದೆವು ಎಂಬ ಧೈರ್ಯಕ್ಕೆ ಬೆಲೆಯಿಲ್ಲ. ಮೊದಲ ದಿನ ಮನೆಯವರನ್ನೋ ದೋಣಿಯವರನ್ನೋ ಕರೆದುಕೊಂಡು ಹೋಗಿ, ಎಲ್ಲಿಂದ ಎಲ್ಲಿಯವರೆಗೆ ಇಳಿಯಬಹುದೆಂದು ತೋರಿಸಿಕೊಂಡು, ಎರಡು ಬಿದಿರಿನ ಕೋಲನ್ನು ಗುರುತಿಗೆ ನೆಡಿಸಿಕೊಳ್ಳಬೇಕು. ಆ ಕೋಲುಗಳಾಚೆ ಯಾರೂ ಹೋಗುವಂತಿಲ್ಲ, ಈಜು ಬಲ್ಲ ಚಿಕ್ಕಪ್ಪನೂ ಸೇರಿದಂತೆ.

ಅಳಿವೆಯ ಬಾಯಲ್ಲಿ, ಅಂದರೆ ಹೊಳೆ ಕಡಲನ್ನು ಕೂಡುವ ಕಡೆ, ಯಾವ ಹೊತ್ತಿನಲ್ಲೂ ನೀರಿಗಿಳಿಯಬಾರದು. ಸೂರ್ಯಾಸ್ತ ನೋಡಲು, ಮೀನುಗಾರಿಕೆಯ ದೋಣಿಗಳು ಒಳಬರುವುದನ್ನು ನೋಡಲು ಅದು ಸೊಗಸಾದ ಜಾಗ. ಅಷ್ಟಕ್ಕೇ ಅದನ್ನು ಮೀಸಲಿಡಬೇಕು.

ದೋಣಿ ಅಥವಾ ಕಯಾಕ್ ಹತ್ತುವ ಮೊದಲು ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಕಣ್ಣಾರೆ ನೋಡಬೇಕು. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ಬಿಗಿದರೆ ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಕಳಚಿಹೋಗುತ್ತದೆ. ಹೆಗಲ ಪಟ್ಟಿ ಹಿಡಿದು ಮೇಲೆತ್ತಿದಾಗ ಕಿವಿಯ ತನಕ ಜಾರಿದರೆ ಅದು ಆ ಮಗುವಿನದ್ದಲ್ಲ. ಜಾಕೆಟ್ ಇಲ್ಲವೆಂದರೆ ಸವಾರಿಯನ್ನು ಬಿಡುವುದೇ ಸರಿ. ಮುಂಗಡ ಕೊಟ್ಟಾಗಿದೆ ಎಂಬ ಸಂಕೋಚ ಇಲ್ಲಿ ಬೇಡ.

ಬರಿಗಾಲಿನಲ್ಲಿ ಇಳಿಯಬಾರದು. ಕಲ್ಲು, ಕಂಬ, ಹಳೆಯ ಕಟ್ಟೆಗಳಿಗೆ ಅಂಟಿದ ಚಿಪ್ಪುಗಳು ಪಾದವನ್ನು ಸೀಳುತ್ತವೆ. ಹಿಂದೆ ಪಟ್ಟಿಯಿರುವ ರಬ್ಬರಿನ ಚಪ್ಪಲಿ ಹಾಕಿ, ಹೆಜ್ಜೆ ಎತ್ತಿಡುವ ಬದಲು ಕಾಲನ್ನು ಮರಳಿನಲ್ಲಿ ಎಳೆಯುತ್ತ ನಡೆದರೆ, ತಳದಲ್ಲಿ ಮಲಗಿರುವ, ಬಾಲದಲ್ಲಿ ಮುಳ್ಳಿರುವ ತೊರಕೆಯಂಥ ಮೀನು ಸದ್ದಿಗೆ ಸರಿದುಹೋಗುತ್ತದೆ. ಮದ್ಯ ಕುಡಿದವರು ನೀರಿನ ಹತ್ತಿರ ಬರಬಾರದೆಂಬ ನಿಯಮವನ್ನು ಮನೆಯಲ್ಲೇ ಮಾತಾಡಿಕೊಂಡು ಬರಬೇಕು. ತುರ್ತಿಗೆ 112, ಆಂಬ್ಯುಲೆನ್ಸಿಗೆ 108. ದೊಡ್ಡ ಆಸ್ಪತ್ರೆ ಬೇಕಾದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಿದೆ.

ಸಿಹಿನೀರೇ ಬೇಕೆನ್ನುವವರಿಗೆ

ಉಪ್ಪಿನ ಸೋಂಕಿಲ್ಲದ ತಿಳಿನೀರು ನೋಡಬೇಕಾದರೆ ಒಂದು ದಿನ ಒಳನಾಡಿಗೆ ಹೋಗಬೇಕು. ಕಾರ್ಕಳದಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿ ವರಂಗದ ಕೆರೆ ಬಸದಿಯಿದೆ. ಕೆರೆಯ ನಡುವಿನ ಬಸದಿಗೆ ದೋಣಿಯಲ್ಲಿಯೇ ಹೋಗಿಬರಬೇಕು. ಸುತ್ತಲೂ ಗದ್ದೆ, ಹಿಂದೆ ಘಟ್ಟದ ಸಾಲು. ಅದು ಜೈನರ ಆರಾಧನಾ ಸ್ಥಳವಾದ್ದರಿಂದ ಅಲ್ಲಿ ಈಜುವ, ಕೆರೆಯ ದಡದಲ್ಲಿ ಮಾಂಸಾಹಾರದ ಬುತ್ತಿ ಬಿಚ್ಚುವ ಯೋಚನೆ ಸಲ್ಲದು. ನದಿಗಳ ಮೇಲ್ಭಾಗದ ಕಿಂಡಿ ಅಣೆಕಟ್ಟುಗಳಲ್ಲಿ ಚಳಿಗಾಲದಲ್ಲಿ ಹಲಗೆ ಹಾಕಿ ನಿಲ್ಲಿಸಿದ ನೀರು ಗಾಜಿನಂತೆ ಕಾಣುತ್ತದೆ, ಆದರೆ ಅದು ಕೃಷಿಗೆ ಮತ್ತು ಕುಡಿಯಲು ಕಾಪಿಟ್ಟ ನೀರು, ಆಳವೂ ಹೆಚ್ಚು. ದಡದಿಂದ ನೋಡಿ ಬರಬೇಕು. ಉಡುಪಿ ನಗರಕ್ಕೆ ಕುಡಿಯುವ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಎಂದು ಮಕ್ಕಳಿಗೆ ಹೇಳಿದರೆ, ಕೆಳಗೆ ಆಟವಾಡಿದ ಹೊಳೆಯ ಮೇಲ್ಭಾಗದ ಪರಿಚಯವೂ ಆಗುತ್ತದೆ.

ಊಟ

ಹೋಂಸ್ಟೇಯ ಮನೆಯೂಟವೇ ಇಲ್ಲಿಯ ದೊಡ್ಡ ಲಾಭ. ಅದಕ್ಕೆ ಹಿಂದಿನ ರಾತ್ರಿಯೇ ಹೇಳಿಡಬೇಕು. ಬೆಳಿಗ್ಗೆ ನೀರ್‌ದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಜೊತೆ ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ, ಸಿಕ್ಕಿದರೆ ಹೊಳೆಯ ಮರುವಾಯಿ ಎಂಬ ಚಿಪ್ಪುಮೀನಿನ ಸುಕ್ಕ. ಇಂಥದೇ ಮೀನು ಬೇಕೆಂದು ಹಟ ಹಿಡಿಯುವುದಕ್ಕಿಂತ ಅಂದು ಬಂದದ್ದನ್ನು ಮಾಡಿಕೊಡಿ ಎಂದರೆ ರುಚಿಯೂ ಹೆಚ್ಚು, ಖರ್ಚೂ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಕಡಲಮೀನು ತುಟ್ಟಿ. ಸಸ್ಯಾಹಾರಿಗಳು ಚಳಿಗಾಲದಲ್ಲಿ ಬಂದರೆ ಮಟ್ಟುಗುಳ್ಳದ ಕೊದ್ದೆಲ್ ಎಂಬ ಹುಳಿಯನ್ನು ಬಿಡಬಾರದು. ಉಡುಪಿಯ ದಕ್ಷಿಣದ ಮಟ್ಟು ಗ್ರಾಮದ ಈ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಕುಚ್ಚಲಕ್ಕಿ ಒಗ್ಗದ ಮಕ್ಕಳಿಗೆ ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ ಬೇಕೆಂದು ಮುಂಚೆಯೇ ತಿಳಿಸುವುದು ಒಳ್ಳೆಯದು.

ಮೂರು ದಿನಗಳ ಹಂಚಿಕೆ

ಧರ್ಮಸ್ಥಳ, ಕೊಲ್ಲೂರು, ಮುರುಡೇಶ್ವರ ಮೂರನ್ನೂ ಇದೇ ಪ್ರವಾಸದಲ್ಲಿ ಮುಗಿಸಿಬಿಡುವ ಆಸೆಯನ್ನು ಬಿಡದಿದ್ದರೆ ಹಿನ್ನೀರಿನ ರಜೆ ಕಾರಿನ ಕಿಟಕಿಯಲ್ಲೇ ಕಳೆಯುತ್ತದೆ. ಒಂದೇ ಮನೆಯಲ್ಲಿ ಎರಡು ರಾತ್ರಿ ಇರುವುದು ಉತ್ತಮ. ಬಂದ ದಿನ ವಿಶ್ರಾಂತಿ, ಸಂಜೆ ತೂಗುಸೇತುವೆ ಮತ್ತು ಅಳಿವೆಯ ಸೂರ್ಯಾಸ್ತ. ಎರಡನೆಯ ದಿನವನ್ನು ಪೂರ್ತಿಯಾಗಿ ಭರತದ ಹೊತ್ತಿಗೆ ಒಪ್ಪಿಸಬೇಕು. ಬೆಳಿಗ್ಗೆ ದೋಣಿ ಮತ್ತು ನೀರಾಟ, ಮಧ್ಯಾಹ್ನ ನಿದ್ದೆ, ಸಂಜೆ ಮರಳ ದಿಬ್ಬ, ರಾತ್ರಿ ಹತ್ತಿರದಲ್ಲಿ ಯಕ್ಷಗಾನ ಮೇಳದ ಬಯಲಾಟವಿದ್ದರೆ ಒಂದೆರಡು ಗಂಟೆ. ಮೂರನೆಯ ದಿನಕ್ಕೆ ವರಂಗ, ಬಾರ್ಕೂರು ಅಥವಾ ಸೈಂಟ್ ಮೇರೀಸ್ ದ್ವೀಪ, ಯಾವುದಾದರೂ ಒಂದು. ದ್ವೀಪಕ್ಕೆ ಹೋಗುವವರು ಮಲ್ಪೆಯಿಂದ ಬೆಳಗಿನ ದೋಣಿಯಲ್ಲೇ ಹೋಗಬೇಕು, ಅಲ್ಲಿ ನೆರಳು ಕಡಿಮೆ. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾದಿಂದಾದ ಕಂಬಗಲ್ಲುಗಳು ಅಲ್ಲಿವೆ. ಹೈಸ್ಕೂಲಿನ ಮಕ್ಕಳಿದ್ದರೆ ಈ ಆಯ್ಕೆ, ಅಜ್ಜ ಅಜ್ಜಿ ಇದ್ದರೆ ವರಂಗ.

ಹೊರಡುವ ವಾರ

ನಾಲ್ಕು ದಿನ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಭರತದ ಪಟ್ಟಿಯನ್ನೂ ನೋಡಿ, ಹೊತ್ತುಗಳನ್ನು ಕಾಗದದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಬೇಕು. ಹಳದಿ ಅಥವಾ ಕಿತ್ತಳೆ ಎಚ್ಚರಿಕೆ ಇದ್ದರೆ ಮನೆಯವರೊಡನೆ ಮಾತಾಡಿ ದಿನ ಬದಲಿಸಬೇಕು. ಮುಂಗಡ ಹಿಂತಿರುಗಿಸುವ ನಿಯಮವನ್ನು ಕಾದಿರಿಸುವಾಗಲೇ ಕೇಳಿಟ್ಟುಕೊಂಡವರಿಗೆ ಇದು ಸುಲಭ. ಚೀಲಕ್ಕೆ ತೋಳು ಮುಚ್ಚುವ ಹತ್ತಿಯ ಅಂಗಿ, ಟೋಪಿ, ಸೊಳ್ಳೆಯ ಮುಲಾಮು, ನಿತ್ಯದ ಔಷಧಿ, ಕುಡಿಯುವ ನೀರಿಗೆ ಸ್ಟೀಲಿನ ಬಾಟಲಿ, ಒದ್ದೆ ಬಟ್ಟೆಗೆ ಬೇರೆ ಚೀಲ ಹಾಕಿಕೊಳ್ಳಬೇಕು. ತಂದ ಪ್ಲಾಸ್ಟಿಕ್ ಪೊಟ್ಟಣಗಳನ್ನು ಹಿಂದಕ್ಕೆ ಒಯ್ಯಬೇಕು. ದಡದಲ್ಲಿ ಬಿಟ್ಟದ್ದು ಮುಂದಿನ ಭರತಕ್ಕೆ ಕಾಂಡ್ಲಾ ಬೇರುಗಳಲ್ಲಿ, ಮೀನುಗಾರರ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಣಗಲು ಹಾಕಿದ ಬಲೆ ಮತ್ತು ಮೀನಿನ ಮೇಲೆ ನಡೆಯದಂತೆ, ಮರುವಾಯಿ ಹೆಕ್ಕುವ ಹೆಂಗಸರ ಫೋಟೋವನ್ನು ಕೇಳದೆ ತೆಗೆಯದಂತೆ ಮಕ್ಕಳಿಗೆ ಮನೆಯಲ್ಲೇ ಹೇಳಿಡುವುದು ಮೇಲು. ಹೊರಡುವ ಹಿಂದಿನ ದಿನ ಮನೆಯವರಿಗೆ ಇನ್ನೊಮ್ಮೆ ಫೋನ್ ಮಾಡಿ, ಎಷ್ಟು ಜನ, ಎಷ್ಟು ಗಂಟೆಗೆ ತಲುಪುತ್ತೇವೆ, ಮೊದಲ ಊಟಕ್ಕೆ ಮೀನೋ ಸಸ್ಯಾಹಾರವೋ ಎಂಬುದನ್ನು ತಿಳಿಸಬೇಕು. ಪೇಟೆಯಿಂದ ಸಾಮಾನು ತರಲು ಅವರಿಗೆ ಅಷ್ಟು ಸಮಯ ಬೇಕಾಗುತ್ತದೆ.